ಘಾಟಿಯಲ್ಲಿ ಪಳಗಿದ ಕೈ, ಜರ್ಮನಿಯಲ್ಲಿ ಫೇಲು

ಕಾಫಿ ಕೊಯ್ಲಿನ ಹೊತ್ತಿಗೆ ಸುಂಟಿಕೊಪ್ಪಕ್ಕೆ ಬಂದಿದ್ದೇನೆ. ಚಿಕ್ಕಪ್ಪನ ಮಗ ಮುಂದಿನ ತಿಂಗಳು ಜರ್ಮನಿಗೆ ಹೊರಟಿದ್ದಾನೆ. "ಅಣ್ಣ, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೆ, ಇನ್ನು ಒಂದು ವರ್ಷ ತಲೆಬಿಸಿ ಇಲ್ಲ" ಅಂದ. ನಾನೂ ಹೋಗುವಾಗ ಹಾಗೇ ಅಂದುಕೊಂಡಿದ್ದೆ.

ಮಡಿಕೇರಿ ಆರ್‌ಟಿಒದಲ್ಲಿ ಸಾವಿರ ರೂಪಾಯಿ ಕಟ್ಟಿ ಮಾಡಿಸುವ ಆ ಪರ್ಮಿಟ್‌ನಲ್ಲಿ ಒಂದು ವರ್ಷ ಅಂತಲೇ ಇರುತ್ತದೆ, ನಿಜ. ಆದರೆ ಜರ್ಮನಿಯಲ್ಲಿ ನೆಲೆಸಲು ಹೋದವರಿಗೆ ಅದು ನಡೆಯುವುದು ಆರೇ ತಿಂಗಳು. ಆಮೇಲೂ ಓಡಿಸಿದರೆ ಲೈಸೆನ್ಸೇ ಇಲ್ಲದೆ ಓಡಿಸಿದ ಹಾಗೆ. ಅಲ್ಲಿ ಅದು ಬರೀ ದಂಡದಲ್ಲಿ ಮುಗಿಯುವ ವಿಷಯ ಅಲ್ಲ, ಕ್ರಿಮಿನಲ್ ಕೇಸು. ಜಪಾನ್, ಸ್ವಿಟ್ಜರ್ಲೆಂಡಿನವರು ಪರೀಕ್ಷೆ ಇಲ್ಲದೆ ಲೈಸೆನ್ಸ್ ಬದಲಾಯಿಸಿಕೊಳ್ಳುತ್ತಾರೆ. ನಮ್ಮ ದೇಶ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ನಮಗೆ ಥಿಯರಿ, ಪ್ರಾಕ್ಟಿಕಲ್ ಎರಡೂ ಇದೆ. ಅಲ್ಲಿಯವರಿಗಿರುವ ಕಡ್ಡಾಯ ಕ್ಲಾಸುಗಳು ಮಾತ್ರ ನಮಗಿಲ್ಲ, ಅಷ್ಟೇ ಪುಣ್ಯ.

ಕಾಗದಪತ್ರ ಜಾಸ್ತಿ ಏನಿಲ್ಲ. ಲೈಸೆನ್ಸಿನ ಜರ್ಮನ್ ಅನುವಾದ, ಕಣ್ಣಿನ ಪರೀಕ್ಷೆ, ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿ, ಜೊತೆಗೆ ಒಂದು ಡ್ರೈವಿಂಗ್ ಸ್ಕೂಲಿನ ಹೆಸರು. ನಾನು ನಾಲ್ಕನೇ ತಿಂಗಳಲ್ಲಿ ಅರ್ಜಿ ಕೊಟ್ಟೆ, ಅದು ಕಚೇರಿಯಲ್ಲಿ ಎರಡು ತಿಂಗಳು ಕೂತಿತು. ಅಲ್ಲಿಗೆ ನನ್ನ ಆರು ತಿಂಗಳು ಮುಗಿಯಿತು. ಆಮೇಲೆ ಸೈಕಲ್ಲೇ ಗತಿ.

ಥಿಯರಿ ಇಂಗ್ಲಿಷಿನಲ್ಲೇ ಬರೆಯಬಹುದು. ಮೂವತ್ತು ಪ್ರಶ್ನೆ, ತಪ್ಪಿನ ಅಂಕ ಹತ್ತು ದಾಟಿದರೆ ಫೇಲು. ಲೆಕ್ಕವೂ ಕೇಳುತ್ತಾರೆ. ವೇಗವನ್ನು ಹತ್ತರಿಂದ ಭಾಗಿಸಿ ಮೂರರಿಂದ ಗುಣಿಸಿದರೆ ಬ್ರೇಕಿಗೆ ಕಾಲು ಹೋಗುವಷ್ಟರಲ್ಲಿ ಗಾಡಿ ಓಡುವ ದೂರ. ಅದೇ ಹತ್ತನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿದರೆ ಬ್ರೇಕ್ ಒತ್ತಿದ ಮೇಲಿನ ದೂರ. ಅಂದರೆ 50ರಲ್ಲಿ ಹೋಗುತ್ತಿದ್ದರೆ 15 ಮೀಟರ್, ಮತ್ತೆ 25, ಒಟ್ಟು 40 ಮೀಟರ್. ಸಂಪಾಜೆ ಘಾಟಿಯಲ್ಲಿ ಮುಂದಿನ ಲಾರಿಗೆ ಅಂಟಿಕೊಂಡು ಇಳಿಯುತ್ತಿದ್ದ ದಿನಗಳು ನೆನಪಾಗಿ ಸ್ವಲ್ಪ ನಾಚಿಕೆಯೇ ಆಯಿತು.

ಪ್ರಾಕ್ಟಿಕಲ್ ನನಗೊಂದು ವಿಷಯವೇ ಅಲ್ಲ ಅಂದುಕೊಂಡಿದ್ದೆ. ಮಂಜಿನಲ್ಲಿ, ಮಳೆಯಲ್ಲಿ, ತೋಟದ ಕೆಸರಿನಲ್ಲಿ ಜೀಪು ಓಡಿಸಿದವನು ನಾನು, ಬಲಗಡೆ ಓಡಿಸುವುದು ಎರಡು ದಿನದಲ್ಲಿ ಬಂದುಬಿಟ್ಟಿತು. ಪರೀಕ್ಷೆ 55 ನಿಮಿಷ. ಕಲಿಸುವವರು ಪಕ್ಕದಲ್ಲಿ, ಪರೀಕ್ಷಕರು ಹಿಂದಿನ ಸೀಟಿನಲ್ಲಿ. ಮನೆಗಳ ನಡುವಿನ ಒಂದು ಸಣ್ಣ ರಸ್ತೆ, ಬೋರ್ಡೂ ಇಲ್ಲ, ಗೆರೆಯೂ ಇಲ್ಲ. ಬಲಗಡೆ ಗಲ್ಲಿಯಿಂದ ಒಂದು ಪುಟ್ಟ ಕಾರು ಬಂತು. ನಾನಿರುವುದು ದೊಡ್ಡ ರಸ್ತೆ, ಅವನೇ ನಿಲ್ಲುತ್ತಾನೆ ಅಂತ ಮುಂದೆ ಹೋದೆ. ಕಲಿಸುವವರು ತಮ್ಮ ಕಾಲಡಿಯ ಬ್ರೇಕ್ ಒತ್ತಿದರು. ಅವರು ಒತ್ತಿದರೆ ಅಲ್ಲಿಗೆ ಮುಗಿಯಿತು. ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವನಿಗೇ ಮೊದಲ ದಾರಿ, ಅವನ ರಸ್ತೆ ಎಷ್ಟೇ ಸಣ್ಣದಿರಲಿ. ಥಿಯರಿಯಲ್ಲಿ ಇದನ್ನು ಸರಿಯಾಗಿ ಬರೆದಿದ್ದೆ! ಆದರೆ ಕಾಲಿಗೆ ಅದು ಗೊತ್ತಿರಲಿಲ್ಲ.

ಮತ್ತೆ ಪರೀಕ್ಷೆಗೆ ಎರಡು ವಾರ ಕಾಯಬೇಕು. ಅಷ್ಟರಲ್ಲಿ ಇನ್ನು ನಾಲ್ಕು ಕ್ಲಾಸು ತಗೊಂಡೆ, ಹೆಚ್ಚು ಹೊತ್ತು ಹೋಗಿದ್ದು ಕತ್ತು ತಿರುಗಿಸುವುದನ್ನು ಕಲಿಯುವುದಕ್ಕೇ. ತಿರುಗುವ ಮೊದಲು, ಲೇನ್ ಬದಲಿಸುವ ಮೊದಲು, ಕನ್ನಡಿ ನೋಡಿದರೆ ಸಾಲದು, ಭುಜದ ಮೇಲಿಂದ ಹಿಂದೆ ನೋಡಬೇಕು, ಸೈಕಲ್ಲಿನವರು ಇರುತ್ತಾರೆ. ನೋಡಿದ್ದು ಪರೀಕ್ಷಕರಿಗೂ ಕಾಣಬೇಕು. ತಿರುವಿನಲ್ಲಿ ಹಾರ್ನ್ ಹೊಡೆಯುವ ಚಟವನ್ನೂ ಬಿಟ್ಟೆ, ನಮ್ಮಲ್ಲಿ ಅದು ಮರ್ಯಾದೆ, ಅಲ್ಲಿ ಬೈಗುಳ.

ಎರಡನೇ ಸಲ ಪಾಸಾದೆ. ಹೊಸ ಕಾರ್ಡ್ ಕೊಡುವಾಗ ನನ್ನ ಹಳೇ ಲೈಸೆನ್ಸನ್ನು ಅವರೇ ಇಟ್ಟುಕೊಂಡರು, ಕಾನೂನೇ ಹಾಗೆ. ತಮ್ಮನಿಗೆ ಇದನ್ನೆಲ್ಲ ಹೇಳಿ, ಹೋದ ಮೊದಲ ತಿಂಗಳೇ ಅರ್ಜಿ ಹಾಕು ಅಂದಿದ್ದೇನೆ.

ನನ್ನ ಇಲ್ಲಿಯ ಲೈಸೆನ್ಸ್ ಅವರ ಹತ್ತಿರವೇ ಉಳಿದಿದ್ದರಿಂದ ಈ ಸಲ ನಾನು ರಸ್ತೆಗೆ ಗಾಡಿ ಇಳಿಸಲಿಲ್ಲ, ತೋಟದೊಳಗೆ ಮಾತ್ರ ಜೀಪು ಓಡಿಸಿದೆ. ನಿನ್ನೆ ಕಣದ ಹತ್ತಿರ ತಿರುಗಿಸುವಾಗ ಅಭ್ಯಾಸಬಲದಿಂದ ಕತ್ತು ಹಿಂದೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಅಪ್ಪ ಗಾಬರಿಯಿಂದ ಕೇಳಿದರು: "ಏನೋ, ಆನೆ ಬಂತಾ?"