45ರಲ್ಲಿ ಮರಾಠಿ ಕಲಿತ ಬಗೆ

ಬಾಗಲಕೋಟೆಯಿಂದ ಬೆಳಗಾವಿಗೆ ಬಂದಾಗ ನನಗೆ 45. ಕಾಯಿಪಲ್ಲೆ ಸಂತೆಯಲ್ಲಿ ಉಳ್ಳಾಗಡ್ಡಿಗೆ ‘ಕಾಂದಾ’ ಅನ್ನೋದೂ ಗೊತ್ತಿರಲಿಲ್ಲ.

ದಿನಕ್ಕೆ ಐದೇ ಪದ ಕಲಿಯಿರಿ, ಆದರೆ ಲಿಂಗದ ಜೊತೆಗೆ. ತೋ ಪಂಖಾ (ಪುಲ್ಲಿಂಗ), ತೀ ಖುರ್ಚಿ (ಸ್ತ್ರೀಲಿಂಗ), ತೇ ಪುಸ್ತಕ (ನಪುಂಸಕ). ನಮ್ಮಲ್ಲಿ ಇವೆಲ್ಲ ‘ಅದು’ ಅಲ್ವಾ? ಅದಕ್ಕೇ ಕಷ್ಟ. ಸುಮ್ನೆ ಓದಬೇಡಿ. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಿ. ಮರುದಿನ ಮತ್ತೆ, ವಾರ ಬಿಟ್ಟು ಮತ್ತೆ. ಹಾಗೆ ತಡಕಾಡುವಾಗಲೇ ನರಕೋಶಗಳ ನಡುವಿನ ಕೊಂಡಿ ಗಟ್ಟಿಯಾಗುತ್ತದೆ.

ಸ್ವೀಡನ್ ಸೇನೆಯ ದುಭಾಷಿ ತರಬೇತಿಯಲ್ಲಿದ್ದವರ ಮೆದುಳನ್ನು 3 ತಿಂಗಳ ಕಲಿಕೆಗೆ ಮೊದಲು ಮತ್ತು ನಂತರ ಸ್ಕ್ಯಾನ್ ಮಾಡಿದ್ದರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಬೆಳೆದಿತ್ತು. 2012ರಲ್ಲಿ ಪ್ರಕಟವಾದ ಅಧ್ಯಯನ ಅದು. ಅವರು ಹರೆಯದವರು, ನಿಜ. ಆದರೂ ನನಗೆ ತುಂಬಾ ಧೈರ್ಯ ಬಂತು.

ಆಮೇಲೆ ಸಂತೆಗೆ ಹೋಗಿ ಮಾತಾಡಿ. ಮಾರುವವರು ಕನ್ನಡಕ್ಕೆ ತಿರುಗಿದರೆ, ‘ಮಾವಶಿ, ಮರಾಠೀತ ಬೋಲಾ’ (ಚಿಕ್ಕಮ್ಮಾ, ಮರಾಠಿಯಲ್ಲೇ ಮಾತಾಡಿ) ಅನ್ನಿ.