ಸಬ್ಸಿಡಿ ಮನೆಗಳ ಅರ್ಹತೆ ನೋಡುವ ಕೆಲಸ: ಆದಾಯದ ಲೆಕ್ಕ ಎಚ್ಚರದಿಂದ ಮಾಡಿ

ಅಮೆರಿಕದ ಪಬ್ಲಿಕ್ ಹೌಸಿಂಗ್‌ನಲ್ಲಿ (ಕಡಿಮೆ ಆದಾಯದವರಿಗೆ ಬಾಡಿಗೆಗೆ ಕೊಡುವ ಸರ್ಕಾರಿ ಮನೆಗಳು) ಅರ್ಹತೆ ಪರಿಶೀಲಿಸುವ ಕೆಲಸಕ್ಕೆ ಸೇರಿದ್ದೀರಾ? ಮೊದಲು ಮನೆಯಲ್ಲಿ ಯಾರ್ಯಾರು ಇರುತ್ತಾರೆ ಅಂತ ಬರೆದುಕೊಳ್ಳಿ. ಆಮೇಲೆ ಆದಾಯ. 18 ವರ್ಷದೊಳಗಿನ ಮಕ್ಕಳು ದುಡಿದ ಹಣವನ್ನು ಸೇರಿಸಬೇಡಿ.

ಬಾಡಿಗೆ ಸಾಮಾನ್ಯವಾಗಿ ಕಡಿತಗಳ (ನಿಯಮದ ಪ್ರಕಾರ ಆದಾಯದಿಂದ ಕಳೆಯುವ ಮೊತ್ತಗಳು) ನಂತರದ ತಿಂಗಳ ಆದಾಯದ ಶೇ. 30, ಹಾಗಾಗಿ ನೀವು ಒಂದೇ ಒಂದು ಕಡಿತ ಮರೆತರೂ ಆ ಕುಟುಂಬ ಪ್ರತಿ ತಿಂಗಳು ಜಾಸ್ತಿ ಕಟ್ಟುತ್ತದೆ, ಅದು ಅವರಿಗೆ ಗೊತ್ತೂ ಆಗುವುದಿಲ್ಲ. ಕೆಲಸಕ್ಕೆ ಹೋಗಲು ಮಗುವನ್ನು ಡೇಕೇರ್‌ಗೆ ಬಿಡುವ ಖರ್ಚು, ವಯಸ್ಸಾದವರ ಔಷಧಿ ಖರ್ಚು, ಇವನ್ನೆಲ್ಲ ನೀವೇ ಕೇಳಿ. ಜನ ತಾವಾಗಿ ಹೇಳುವುದಿಲ್ಲ.

ಹಡ್‌ನ (ಅಮೆರಿಕದ ವಸತಿ ಇಲಾಖೆ) ಇಐವಿ ವ್ಯವಸ್ಥೆಯಲ್ಲಿ, ಅಂದರೆ ಸರ್ಕಾರಿ ದಾಖಲೆಗಳಿಂದ ಜನರ ಆದಾಯ ತೋರಿಸುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ, ಬೇರೆ ಅಂಕಿ ಕಂಡರೆ ತಕ್ಷಣ ಸುಳ್ಳು ಅನ್ನಬೇಡಿ, ಬಿಟ್ಟುಬಿಟ್ಟ ಹಳೇ ಕೆಲಸದ್ದಿರಬಹುದು ಅಲ್ವಾ? ಪೇ ಸ್ಟಬ್ (ಸಂಬಳದ ಚೀಟಿ) ಕೇಳಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಿ, ವಿಚಾರಣೆ ಕೇಳುವ ಹಕ್ಕಿದೆ ಅಂತಲೂ ಅದರಲ್ಲೇ ತಿಳಿಸಿ.