ನಾಯಿಯನ್ನು ಬೇರೆ ಮನೆಗೆ ಕೊಡುವ ಮುನ್ನ

“ಇನ್ನು ಆಗೋದಿಲ್ಲ, ಯಾರಿಗಾದರೂ ಕೊಟ್ಟುಬಿಡೋಣ” ಎಂಬ ಮಾತು ಮನೆಯಲ್ಲಿ ಎದ್ದರೆ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ನಾಯಿ ಮನೆ ಬದಲಿಸಿದರೆ ತೀರುವ ತೊಂದರೆಗಳು ಎಡಕ್ಕೆ: ನೋಡಿಕೊಳ್ಳುತ್ತಿದ್ದ ಅಜ್ಜ ತೀರಿಕೊಂಡರು, ಮಗುವಿಗೆ ನಾಯಿಯ ಅಲರ್ಜಿ ಎಂದು ಪರೀಕ್ಷೆಯಲ್ಲಿ ಖಚಿತವಾಯಿತು, 30 ಕಿಲೋ ನಾಯಿಯನ್ನು ಹಿಡಿಯುವ ಶಕ್ತಿ ಅಮ್ಮನಿಗಿಲ್ಲ. ನಾಯಿಯ ಜೊತೆಗೇ ಹೋಗುವವು ಬಲಕ್ಕೆ: ಕಚ್ಚುವುದು, ಒಂಟಿಯಾಗಿ ಬಿಟ್ಟರೆ ಊಳಿಡುವುದು, ಸೋಫಾ ಹರಿಯುವುದು, ಕಾಯಿಲೆ. ಎಡಗಡೆಯದಕ್ಕೆ ಹೊಸ ಮನೆ ನಿಜವಾದ ಪರಿಹಾರ. ಬಲಗಡೆಯದನ್ನು ಸರಿಪಡಿಸದೆ ಕೊಟ್ಟರೆ ಎರಡನೇ ಮನೆಯವರು ಮೂರನೆಯವರಿಗೆ ದಾಟಿಸುತ್ತಾರೆ, ಅಲ್ಲಿಂದಾಚೆ ಬೀದಿ.

ಬಲಗಡೆಯ ಪಟ್ಟಿ ಹಿಡಿದು ಮೊದಲು ಪಶುವೈದ್ಯರ ಬಳಿ ಹೋಗಿ, ಟ್ರೇನರ್ ಆಮೇಲೆ. ವರ್ಷಗಟ್ಟಲೆ ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಮುಟ್ಟಿದರೆ ಗುರ್ರೆಂದರೆ ನೋವಿದೆಯೇ ಎಂದು ನೋಡಿಸಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೆ ಸೊಂಟದ ಕೀಲು, ಕಿವಿ ಇಳಿಬಿದ್ದವಕ್ಕೆ ಕಿವಿಯ ಸೋಂಕು, ವಯಸ್ಸಾದವಕ್ಕೆ ಹಲ್ಲು. ನಮ್ಮ ಕಡೆ ರಕ್ತ ಹೀರುವ ಉಣ್ಣೆ ಹುಳುವಿನಿಂದ (ಟಿಕ್) ಬರುವ ಜ್ವರವೂ ಸಾಮಾನ್ಯ. ನಾಯಿ ಮಂಕಾಗಿ ಊಟ ಬಿಟ್ಟಿದ್ದರೆ ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ. ಮನೆಯೊಳಗೆ ಉಚ್ಚೆ ಹೊಯ್ಯುವುದಕ್ಕೆ ಹಟವಲ್ಲ, ಮೂತ್ರದ ಸೋಂಕೋ ಸಕ್ಕರೆ ಕಾಯಿಲೆಯೋ ಕಾರಣವಿದ್ದೀತು. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.

ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ನಾಯಿಗೂ ಹದಿಹರೆಯ. ಚಪ್ಪಲಿ ಕಡಿಯುವುದು, ಬಂದವರ ಮೇಲೆ ಹಾರುವುದು, ಚೈನು ಜಗ್ಗುವುದು ಆಗಲೇ ಜಾಸ್ತಿ. ಇನ್ನು ಕೆಲವು ತಿಂಗಳಲ್ಲಿ ತಣ್ಣಗಾಗುವ ನಾಯಿಯನ್ನು ಜನ ಸರಿಯಾಗಿ ಆಗಲೇ ಕೊಟ್ಟುಬಿಡುತ್ತಾರೆ.

ಎರಡು ವಾರ ಡೈರಿ ಬರೆಯಿರಿ: ತೊಂದರೆ ಎಷ್ಟು ಗಂಟೆಗೆ ಆಯಿತು, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯಿತು, ಹತ್ತಿರ ಯಾರಿದ್ದರು, ನಾಯಿ ಏನು ಮಾಡಿತು. ಊಳಿಡುವ ದೂರಿದ್ದರೆ ಫೋನಿನ ಕ್ಯಾಮೆರಾ ಆನ್ ಮಾಡಿ ಹೊರಗೆ ಹೋಗಿ. ಹೋದ ಅರ್ಧ ಗಂಟೆಯೊಳಗೇ ಏದುಸಿರು, ಜೊಲ್ಲು, ಬಾಗಿಲು ಕೆರೆಯುವುದು ಕಂಡರೆ ಅದು ಒಂಟಿತನದ ಭಯ. ಮಲಗಿ ಎದ್ದು, ಲಿಫ್ಟಿನ ಸದ್ದಿಗೆ ಬೊಗಳಿದರೆ ಬೇಜಾರು ಅಥವಾ ಕಾವಲು. ಭಯಕ್ಕೆ ಕೆಲವು ಸೆಕೆಂಡಿನ ಅಗಲಿಕೆಯಿಂದ ಶುರುಮಾಡಿ ನಿಮಿಷಗಳಿಗೆ ಏರಿಸುವ ಅಭ್ಯಾಸ ಬೇಕು. ತೀವ್ರವಾಗಿದ್ದರೆ ವೈದ್ಯರು ಫ್ಲುಆಕ್ಸೆಟಿನ್ ಅಥವಾ ಕ್ಲೋಮಿಪ್ರಮಿನ್ ಬರೆದುಕೊಡುತ್ತಾರೆ, ಪರಿಣಾಮ ಕಾಣಲು ವಾರಗಳೇ ಹಿಡಿಯುತ್ತವೆ. ಬಂದ ಮೇಲೆ ಬೈದು ಹೊಡೆದರೆ ಭಯ ಹೆಚ್ಚುತ್ತದೆ. ಬೇಜಾರಿಗೆ ದಿನಕ್ಕೆರಡು ಸಲ ಅರ್ಧರ್ಧ ಗಂಟೆ, ಮೂಸುತ್ತಾ ನಿಲ್ಲಲು ಬಿಡುವ ವಾಕಿಂಗ್ ಸಾಕಾದೀತು. ಓಡಿ ಬೇಟೆಯಾಡಲೆಂದೇ ಬೆಳೆಸಿದ ಮುಧೋಳ ನಾಯಿಯನ್ನೋ ಹಿಮದಲ್ಲಿ ಬಂಡಿ ಎಳೆಯಲೆಂದು ಬೆಳೆಸಿದ ಹಸ್ಕಿಯನ್ನೋ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿಟ್ಟು ಹತ್ತು ನಿಮಿಷ ಸುತ್ತಿಸಿ ತಂದರೆ ಸೋಫಾ ಉಳಿಯುವುದಿಲ್ಲ. ಇಷ್ಟನ್ನೂ ಆರರಿಂದ ಎಂಟು ವಾರ ಪ್ರಾಮಾಣಿಕವಾಗಿ ಮಾಡಿ ನೋಡಿ, ಆಮೇಲೆ ನಿರ್ಧರಿಸಿ.

ಕಚ್ಚಿದ್ದರೆ

ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಕಚ್ಚಿಸಿಕೊಂಡವರನ್ನು ತಕ್ಷಣ ರೇಬೀಸ್ ಲಸಿಕೆಗೆ ಕರೆದೊಯ್ಯಿರಿ. ನಾಯಿಗೆ ವ್ಯಾಕ್ಸಿನ್ ಆಗಿದೆಯೆಂದು ಸುಮ್ಮನಿರಬೇಡಿ. ರೇಬೀಸ್ ಲಕ್ಷಣ ಕಾಣುತ್ತದೆಯೇ ಎಂದು ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿಡಬೇಕು. ಕೋಪದಲ್ಲಿ ಮರುದಿನವೇ ಸಾಗಹಾಕುವುದು ದೊಡ್ಡ ತಪ್ಪು, ಏಕೆಂದರೆ ಆ ಹತ್ತು ದಿನದಲ್ಲಿ ಅದಕ್ಕೇನಾಯಿತೆಂದು ತಿಳಿಯುವ ದಾರಿಯೇ ಮುಚ್ಚುತ್ತದೆ.

ಕಚ್ಚಿದ ಪ್ರಮಾಣ ಅಳೆಯಲು ಪಶುವೈದ್ಯ, ನಾಯಿ ತರಬೇತುದಾರ ಇಯಾನ್ ಡನ್‌ಬಾರ್ ಅವರ ಆರು ಹಂತದ ಮಾಪಕ ಬಳಕೆಯಲ್ಲಿದೆ. ಮೊದಲ ಹಂತದಲ್ಲಿ ಹಲ್ಲು ಚರ್ಮಕ್ಕೆ ತಾಗಿಲ್ಲ, ಎರಡರಲ್ಲಿ ತಾಗಿದೆ ಆದರೆ ಚುಚ್ಚಿಲ್ಲ. ಇವೆರಡೂ ತರಬೇತಿಗೆ ಬಗ್ಗುವಂಥವು. ಮೂರನೆಯದು ಒಂದೇ ಕಡಿತದಲ್ಲಿ ಒಂದರಿಂದ ನಾಲ್ಕು ತೂತು, ಆಳ ಕೋರೆಹಲ್ಲಿನ ಅರ್ಧಕ್ಕಿಂತ ಕಡಿಮೆ; ಇಂಥ ನಾಯಿಗೆ ಮಕ್ಕಳಿಲ್ಲದ, ಅನುಭವವಿರುವ ಮನೆ ಮಾತ್ರ. ನಾಲ್ಕು ಎಂದರೆ ಅರ್ಧಕ್ಕಿಂತ ಆಳ, ಅಥವಾ ಕಚ್ಚಿ ಹಿಡಿದು ಕೊಡವಿದ್ದು. ಅಲ್ಲಿಂದ ಮೇಲಕ್ಕೆ ಯಾವ ಕುಟುಂಬಕ್ಕೂ ಕೊಡಬಾರದು. ಬಾಯಿಬುಟ್ಟಿ, ಗೇಟು, ಬೀಗದ ಶಿಸ್ತಿನಲ್ಲಿ ನೀವೇ ಇಟ್ಟುಕೊಳ್ಳುವುದು, ಇಲ್ಲವೇ ವೈದ್ಯರೊಡನೆ ದಯಾಮರಣದ ಮಾತು. ಕೇಳಲು ಕಹಿಯಾದರೂ, ವಿಷಯ ಮುಚ್ಚಿಟ್ಟು ಇನ್ನೊಬ್ಬರ ಮಗುವಿನ ಮುಂದೆ ಬಿಡುವುದಕ್ಕಿಂತ ಅದು ಮೇಲು. ಹಾಗೆಯೇ, ಗುರ್ರೆಂದದ್ದಕ್ಕೆ ನಾಯಿಯನ್ನು ಹೊಡೆಯಬೇಡಿ. ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಅದು ಕಲಿಯುತ್ತದೆ.

ಅವಸರದ ಕಾರಣಗಳು

ಸೊಸೆ ಬಸುರಿ ಎಂದಕೂಡಲೇ ನಾಯಿ ಸಾಗಿಸುವ ಮನೆಗಳುಂಟು. ಹಿರಿಯರು ಹೆದರುವ ಟಾಕ್ಸೊಪ್ಲಾಸ್ಮಾ ಬೆಕ್ಕಿನ ಮಲದಿಂದ, ಬೇಯದ ಮಾಂಸದಿಂದ ಬರುವುದು. ನಾಯಿ ಅದರ ಮೊಟ್ಟೆಗಳನ್ನು ಹೊರಹಾಕುವ ಪ್ರಾಣಿಯಲ್ಲ. ಮಗು ಅಂಬೆಗಾಲಿಡುವ ಮುನ್ನ ಕೋಣೆಗೆ ಗೇಟು ಹಾಕಿಸಿ, ಇಬ್ಬರನ್ನೇ ಎಂದೂ ಬಿಡಬೇಡಿ. ಅಲರ್ಜಿಯ ವಿಷಯದಲ್ಲಿ ಇನ್ನೊಂದು ಎಡವಟ್ಟಿದೆ: ನಾಯಿಯನ್ನು ಒಂದು ವಾರ ಬೇರೆಡೆ ಬಿಟ್ಟು “ನೋಡಿ, ಕೆಮ್ಮು ಹೋಗಲಿಲ್ಲ, ನಾಯಿಯದಲ್ಲ” ಎನ್ನುವುದು. ಹೊಟ್ಟು, ಜೊಲ್ಲಿನ ಕಣ ಹಾಸಿಗೆ ಪರದೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಚರ್ಮದ ಅಥವಾ ರಕ್ತದ ಪರೀಕ್ಷೆ ಮಾಡಿಸಿ.

ಅಪಾರ್ಟ್‌ಮೆಂಟ್ ಸಂಘ ಬೆದರಿಸಿದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ತೋರಿಸಿ: ಸಾಕುನಾಯಿಯನ್ನು ಸಂಘ ನಿಷೇಧಿಸುವಂತಿಲ್ಲ. ಬಾಡಿಗೆ ಕರಾರಿನಲ್ಲಿ ಏನಿದೆಯೆಂಬುದು ಬೇರೆ ಮಾತು. 23 ತಳಿಗಳನ್ನು ನಿಷೇಧಿಸಲು ಹೇಳಿದ್ದ ಕೇಂದ್ರದ 2024ರ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ರದ್ದುಮಾಡಿತು. ಅದನ್ನು ಇನ್ನೂ ವಾಟ್ಸಾಪಿನಲ್ಲಿ ತಿರುಗಿಸುವವರಿಗೆ ಇಷ್ಟು ಹೇಳಿದರೆ ಸಾಕು.

ವಿದೇಶಕ್ಕೆ ಹೊರಟವರು ಕೊನೆಯ ತಿಂಗಳಲ್ಲಿ ಎಚ್ಚೆತ್ತು ನಾಯಿ ಕೊಡುವುದೇ ಹೆಚ್ಚು. ಯುರೋಪಿನ ಒಕ್ಕೂಟಕ್ಕೆ ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ, ಕನಿಷ್ಠ 30 ದಿನದ ನಂತರ ರಕ್ತಪರೀಕ್ಷೆ, ಅದರ ಮೇಲೆ ಮೂರು ತಿಂಗಳು ಕಾಯಬೇಕು. ಹಾಗಾಗಿ ಕನಿಷ್ಠ ಆರು ತಿಂಗಳು ಮುಂಚೆ ಶುರುಮಾಡಿ. ಅಮೆರಿಕದ ನಿಯಮ 2024ರ ಆಗಸ್ಟ್‌ನಿಂದ ಬಿಗಿಯಾಗಿದೆ. ಭಾರತ ಅವರ ಹೆಚ್ಚು ಅಪಾಯದ ಪಟ್ಟಿಯಲ್ಲಿದೆ. ಆಸ್ಟ್ರೇಲಿಯಾಕ್ಕೆ ಇಲ್ಲಿಂದ ನೇರ ಪ್ರವೇಶವಿಲ್ಲ.

ಇನ್ನು “ಊರಿನ ತೋಟದಲ್ಲಿ ಬಿಡೋಣ, ಆರಾಮಾಗಿರುತ್ತೆ” ಎಂಬ ಸಮಾಧಾನ. ಮಂಚದ ಮೇಲೆ ಮಲಗಿದ್ದ ನಾಯಿಗೆ ಅಲ್ಲಿ ಸಿಗುವುದು ಬಹಳ ಸಲ ಎರಡು ಮೀಟರ್ ಚೈನು, ಮೈತುಂಬ ಉಣ್ಣೆ. ಮಲೆನಾಡಿನಲ್ಲೂ ಮೈಸೂರು ಸೀಮೆಯಲ್ಲೂ ಕಟ್ಟಿಹಾಕಿದ ನಾಯಿ ಚಿರತೆಗೆ ಸುಲಭದ ಊಟ. ಕೊಡಲೇಬೇಕಿದ್ದರೆ ರಾತ್ರಿ ಒಳಗೆ ಮಲಗಿಸುತ್ತಾರೆಯೇ, ಹತ್ತಿರದ ಪಶು ಆಸ್ಪತ್ರೆ ಎಷ್ಟು ದೂರ, ಎರಡನ್ನೂ ಕೇಳಿಕೊಂಡು ಕೊಡಿ. ಎಲ್ಲೋ ಬಿಟ್ಟು ಬರುವುದಂತೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ಕೊಡುವುದೆಂದು ತೀರ್ಮಾನವಾದರೆ

ಸಂತಾನಹರಣ ಮಾಡಿಸಿ, ಗಾಯ ಮಾಗಿದ ಮೇಲೆಯೇ ಜಾಹೀರಾತು ಹಾಕಿ. ತಳಿ ನಾಯಿಯನ್ನು ಉಚಿತವೆಂದು ಹಾಕಿದರೆ ಮೊದಲು ಫೋನ್ ಮಾಡುವವರಲ್ಲಿ ಮರಿ ಹಾಕಿಸಿ ಮಾರುವವರೂ ಇರುತ್ತಾರೆ. ನಿಮ್ಮ ನಾಯಿಯನ್ನು ಈಗಾಗಲೇ ಬಲ್ಲ ನೆಂಟರು, ವಾಕಿಂಗ್ ಗೆಳೆಯರು, ನಿಮ್ಮ ವೈದ್ಯರ ಗಿರಾಕಿಗಳಲ್ಲಿ ಮೊದಲು ಹುಡುಕಿ. ಬೆಂಗಳೂರಿನ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳ ಸಲಹೆ ಪಡೆಯಬಹುದು, ಆದರೆ ಶೆಲ್ಟರ್‌ಗೆ ಬಿಡುವುದನ್ನು ಕೊನೆಗಿಟ್ಟುಕೊಳ್ಳಿ. ಗದ್ದಲ, ಸೋಂಕು ಎರಡೂ ಮನೆನಾಯಿಯನ್ನು ಕುಗ್ಗಿಸುತ್ತವೆ.

ನಾಯಿ ತೆಗೆದುಕೊಳ್ಳುವವರ ಮನೆಗೆ ನೀವೇ ಹೋಗಿ. ಕಾಂಪೌಂಡು, ಬಾಲ್ಕನಿ ಸರಳು, ನಾಯಿ ಮಲಗುವ ಜಾಗ ನೋಡಿ. ಹಗಲು ಎಷ್ಟು ಹೊತ್ತು ಒಂಟಿ, ಮನೆಯವರೆಲ್ಲರಿಗೂ ಒಪ್ಪಿಗೆಯೇ ಎಂದು ಕೇಳಿ. ಕೊಡುವಾಗ ವ್ಯಾಕ್ಸಿನ್ ಪುಸ್ತಕ, ಔಷಧಿ ಚೀಟಿ, ಹತ್ತು ದಿನಕ್ಕಾಗುವಷ್ಟು ಅದೇ ಆಹಾರ, ಒಗೆಯದ ಹಾಸಿಗೆ ಬಟ್ಟೆ ಹೋಗಲಿ. ಕಚ್ಚಿದ, ಹೆದರಿದ ಸಂಗತಿಗಳೆಲ್ಲ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. “ಆಗದಿದ್ದರೆ ನಮಗೇ ವಾಪಸ್” ಎಂಬ ಸಾಲು ಅದರಲ್ಲಿರಲಿ.

ಮೊದಲ ವಾರ ಹೆಚ್ಚಾಗಿ ಕೈಕೊಡುವುದು ಬಾಗಿಲು. ನಾಯಿ ಬೆಲ್ಟಿನಿಂದ ತಲೆ ಜಾರಿಸಿಕೊಂಡು ಹಳೆಯ ಮನೆಯ ದಾರಿ ಹಿಡಿಯುತ್ತದೆ. ಹಾರ್ನೆಸ್ ಮತ್ತು ಕತ್ತಿನ ಬೆಲ್ಟ್ ಎರಡಕ್ಕೂ ಹಗ್ಗ ಹಾಕಲು ಹೇಳಿ, ಬಿಲ್ಲೆಯ ಮೇಲೆ ಎರಡೂ ಮನೆಗಳ ಫೋನ್ ನಂಬರ್ ಕೆತ್ತಿಸಿ. ಮೂರು ದಿನ ಸರಿಯಾಗಿ ಉಣ್ಣದಿದ್ದರೂ ಗಾಬರಿ ಬೇಡ, ನೀರು ಕುಡಿಯುತ್ತಿದ್ದರೆ ಸಾಕು. ನೀರನ್ನೂ ಬಿಟ್ಟರೆ ಅದೇ ದಿನ ವೈದ್ಯರಿಗೆ ತೋರಿಸಲಿ. ಮೊದಲ ಹದಿನೈದು ದಿನವನ್ನು ಪ್ರಯೋಗವೆಂದು ಇಟ್ಟುಕೊಂಡು, ಅದು ಮುಗಿಯುವವರೆಗೆ ನಿಮ್ಮ ಮನೆಯ ಊಟದ ತಟ್ಟೆ, ಚೈನು ಯಾರಿಗೂ ಕೊಡದೆ ಎತ್ತಿಡಿ.